ನಿಲ್ಲಿಸು ಎಂದ ಕೈ

ಹೊಳೆ ದಂಡೆಯಲ್ಲಿ ಒಂದು ಹಳೆಯ ಕ್ರೇನು ನಿಂತಿತ್ತು. ಅದರ ಬುಡದಲ್ಲಿ ತಗಡಿನ ಶೆಡ್ಡು. ಶೆಡ್ಡಿನಲ್ಲಿ ಉಸ್ತಾದ ದಾವಲಸಾಬ ಇದ್ದ.

ಹೊಳೆಗೆ ಸೇತುವೆ ಕಟ್ಟುತ್ತಿದ್ದರು. ಕಂಬಗಳು ಎದ್ದು ನೀರಿನಲ್ಲಿ ನಿಂತಿದ್ದವು. ಅವುಗಳ ಮೇಲೆ ಇನ್ನೂ ಏನೂ ಇರಲಿಲ್ಲ.

ಕ್ರೇನು ನಡೆಸುವುದನ್ನು ಕಲಿಯಬೇಕು ಅನ್ನುವವರು ಉಸ್ತಾದನ ಹತ್ತಿರ ಬರುತ್ತಿದ್ದರು. ಕೆಲವರು ಕಲಿತು ಹೋದರು. ಕೆಲವರು ನಡುವೆಯೇ ಬಿಟ್ಟು ಹೋದರು. ಉಸ್ತಾದ ಮಾತ್ರ ಕ್ರೇನು ಬಿಡಲಿಲ್ಲ. ಅದು ಯಾವ ಹೊಳೆಗೆ ಹೋಯಿತೋ ಆ ಹೊಳೆಗೆ ಅವನೂ ಹೋದ.

ದಿನಾ ಬೆಳಕು ಹರಿಯುವ ಹೊತ್ತಿಗೆ ಅವನು ಒಬ್ಬನೇ ಏಣಿ ಹತ್ತಿ ಸೀಟಿನಲ್ಲಿ ಕೂರುತ್ತಿದ್ದ. ಎಂಜಿನು ಹಚ್ಚುತ್ತಿರಲಿಲ್ಲ. ಕೆಳಗೆ ನೋಡುತ್ತಿದ್ದ. ಆಳುಗಳು ಬರುವಷ್ಟರಲ್ಲಿ ಇಳಿದುಬಿಡುತ್ತಿದ್ದ. ಯಂತ್ರ ಪರೀಕ್ಷೆ ಮಾಡುತ್ತಾನೆ ಅಂತ ಎಲ್ಲರೂ ತಿಳಿದಿದ್ದರು.

ಯಮನೂರಪ್ಪ ಅವನ ಹತ್ತಿರ ಬಂದಾಗ ಮೂವತ್ತೆಂಟು ವರ್ಷದವನು.

ಹದಿನಾಲ್ಕು ವರ್ಷ ಕ್ರೇನಿನ ಕೆಳಗೆ ದುಡಿದಿದ್ದ. ಕಬ್ಬಿಣದ ತೊಲೆಗೆ ಸ್ಲಿಂಗು ಅನ್ನುವ ತಂತಿಹಗ್ಗ ಬಿಗಿದು ಹುಕ್ಕಿಗೆ ಹಾಕುವ ಕೆಲಸ. ಒಂದು ದಿನ ಸ್ಲಿಂಗಿಗೂ ತೊಲೆಗೂ ನಡುವೆ ಎಡಗೈ ಸಿಕ್ಕಿತು. ಬಲಗೈ ಎತ್ತಿ ಕೂಗಿದ. ಮೇಲೆ ಕೂತಿದ್ದವನು ಒಂದು ಉಸಿರು ತಡ ಮಾಡಿದ. ಎರಡು ಬೆರಳು ಹೋದವು.

ಮೂರು ಬೆರಳಿನ ಕೈಗೆ ಸ್ಲಿಂಗು ಬಿಗಿಯಲು ಬರುವುದಿಲ್ಲ.

"ಎರಡು ತಿಂಗಳು ಟೈಮ್ ಕೊಡ್ತೀನಿ," ಅಂದಿದ್ದ ಸೈಟಿನ ಇಂಜಿನಿಯರ. "ಕ್ರೇನ್ ಕಲತ್ರ ಮ್ಯಾಲ ಕೂಡು. ಇಲ್ಲಾಂದ್ರ ಊರಿಗೆ ಹೋಗು. ಕೆಳಗ ನಿಂಗ ಕೆಲಸ ಇಲ್ಲ."

ಉಸ್ತಾದ ಅವನ ಕೈ ನೋಡಿದ.

"ಕ್ರೇನ್ ಕಲಿಯಾಕ ಬಂದೀನ್ರಿ," ಅಂದ ಯಮನೂರಪ್ಪ.

"ಅಲ್ಲಿ ಕಲ್ಲ ಐತಿ. ಹೋಗಿ ಕೂಡು. ನೋಡು."

ಎಂಟು ದಿನ ಕೂತ. ಒಂಬತ್ತನೆಯ ದಿನ ಉಸ್ತಾದ ಬಂದು ಪಕ್ಕದಲ್ಲಿ ನಿಂತ.

"ಏನ ನೋಡಿದಿ?"

"ಹುಕ್ಕ ನೋಡಿದ್ನಿರಿ. ತೊಲಿ ನೋಡಿದ್ನಿ. ವೈರ್ ರೋಪ್ ನೋಡಿದ್ನಿ."

"ನೆರಳ?"

"ನೆರಳ ನೋಡಲಿಲ್ರಿ."

"ಮತ್ತ ಕೂಡು. ತೊಲಿ ಎಲ್ಲಿ ಐತಿ ಅಂತ ಎಲ್ಲಾರೂ ನೋಡ್ತಾರ. ಬಿದ್ರ ಎಲ್ಲಿ ಬೀಳ್ತೈತಿ, ಅದನ್ನ ನೋಡು."

ಇನ್ನೂ ಎಂಟು ದಿನ ಕೂತ.

ಆಮೇಲೆ ಉಸ್ತಾದ ಶೆಡ್ಡಿನಿಂದ ಒಂದು ಹಿತ್ತಾಳೆ ಕೊಡ ತಂದ. ಹಳೆಯ ಕೊಡ. ಒಂದು ಮಗ್ಗುಲು ನೆಗ್ಗಿ ಒಳಗೆ ಹೋಗಿತ್ತು. ಹೊಳೆಯಲ್ಲಿ ಅದ್ದಿ ತುಂಬಿಸಿ ಹುಕ್ಕಿಗೆ ತೂಗುಹಾಕಿದ.

"ಹತ್ತು. ಆ ಮೊದಲನೇ ಕಂಬದ ತನಕ ಒಯ್ದು ತಿರುಗಿ ತಾ. ಒಂದ ಹನಿ ಚೆಲ್ಲಬಾರದು."

ಮೊದಲ ದಿನ ಕೊಡ ಖಾಲಿಯಾಗಿ ಬಂತು.

ಕೆಳಗೆ ನೀಲಪ್ಪ ಬಿದ್ದು ಬಿದ್ದು ನಕ್ಕ. ನೀಲಪ್ಪ ಸಿಗ್ನಲ್ ಮಾಡುವವನು. ಮೈಮೇಲೆ ಕೆಂಪು ಜಾಕೀಟು. ಅವನು ಕೆಳಗೆ ನಿಂತು ಕೈಯಿಂದ ಹೇಳಬೇಕು, ಮೇಲೆ ಕೂತವನು ಹಾಗೆ ಎತ್ತಬೇಕು, ಇಳಿಸಬೇಕು.

"ಹೊಳಿ ನೀರು ಹೊಳಿಗೇ ಹಾಕಿ ಬಂದ್ಯಲ್ಲೋ ಯಮನೂರಿ! ಪುಣ್ಯದ ಕೆಲಸ!"

"ನೀ ಸುಮ್ನಿರೋ."

"ಹೆಸರಿನಾಗ ಯಮ ಐತಿ. ನೀ ಮ್ಯಾಲ ಕೂತ್ರ ಕೆಳಗ ನಿಂತವರ ಗತಿ ಏನಪಾ?"

ಉಸ್ತಾದ ಬರಿಯ ಕೊಡ ಇಳಿಸಿಕೊಂಡ. ನೆಗ್ಗಿದ ಮಗ್ಗುಲನ್ನು ಅಂಗೈಯಿಂದ ಒರೆಸಿದ.

"ಉಸ್ತಾದ, ಅದನ್ನ ಕಂಚಗಾರಗ ಕೊಡ್ರಿ," ಅಂದ ನೀಲಪ್ಪ. "ಅರ್ಧಾ ತಾಸಿನಾಗ ಬಡದು ಸರಿ ಮಾಡ್ತಾನ."

"ಬ್ಯಾಡ."

"ಅದರಾಗ ನೀರ ಕಡಿಮಿ ಹಿಡಿತೈತ್ರಿ."

"ಹಿಡಿದಷ್ಟ ಸಾಕು."

ಹನ್ನೆರಡನೆಯ ದಿನ ಕೊಡ ತುಂಬಿದ್ದು ತುಂಬಿದ ಹಾಗೆ ತಿರುಗಿ ಬಂತು. ಉಸ್ತಾದ ಅದನ್ನು ಇಳಿಸಿ ನೀರು ಮುಟ್ಟಿ ನೋಡಿದ. ಶಹಬ್ಬಾಸ್ ಅನ್ನಲಿಲ್ಲ.

"ಈಗ ಕೇಳು," ಅಂದ. "ಎತ್ತು ಅಂತ ನೀಲಪ್ಪ ಕೈ ಮಾಡಿದ್ರ ಎತ್ತು. ಇಳಸು ಅಂದ್ರ ಇಳಸು. ಬ್ಯಾರೆ ಯಾರು ಹೇಳಿದ್ರೂ ಕೇಳಬ್ಯಾಡ. ನಾ ಹೇಳಿದ್ರೂ ಕೇಳಬ್ಯಾಡ."

"ನೀವ ಹೇಳಿದ್ರೂ?"

"ನಾ ಹೇಳಿದ್ರೂ."

ನೀಲಪ್ಪ ಜಾಕೀಟು ಜಗ್ಗಿಕೊಂಡ. "ಕೇಳಿಸ್ತೇನೋ? ಇವತ್ತಿನಿಂದ ನಾನ ನಿನ್ನ ಗುರು. ಕಾಲ ಬೀಳು."

"ಇನ್ನೊಂದ ಐತಿ," ಅಂದ ಉಸ್ತಾದ. "ನಿಂದ್ರಸು ಅಂತ ಯಾರು ಕೈ ಮಾಡಿದ್ರೂ ನಿಂದ್ರಸು."

"ಯಾರು ಮಾಡಿದ್ರೂ?"

"ಯಾರು ಮಾಡಿದ್ರೂ."

"ನಾಯಿ ಕಾಲ ಎತ್ತಿದ್ರೂ?" ಅಂದ ನೀಲಪ್ಪ.

"ನಾಯಿ ಕಾಲ ಎತ್ತಿದ್ರೂ."

ಉಸ್ತಾದನ ಮುಖದಲ್ಲಿ ನಗು ಇರಲಿಲ್ಲ. ತೋಳನ್ನು ಪಕ್ಕಕ್ಕೆ ಚಾಚಿದ. ಅಂಗೈ ನೆಲದ ಕಡೆ ತಿರುಗಿಸಿದ. ಅತ್ತ ಇತ್ತ ನಿಧಾನ ಆಡಿಸಿದ. ಆಡಿಸುತ್ತಲೇ ಇದ್ದ, ತೋರಿಸಿ ಮುಗಿದ ಮೇಲೂ.

ಚಳಿಗಾಲದ ಒಂದು ಮುಂಜಾನೆ ಯಮನೂರಪ್ಪ ಮೊದಲ ಸಲ ನಿಜವಾದ ತೊಲೆ ಎತ್ತಿದ.

ಹೊಳೆಯ ಮೇಲಿಂದ ಮಂಜು ಏಳುತ್ತಿತ್ತು. ತೊಲೆಯನ್ನು ನೆಲದಿಂದ ಒಂದು ಗೇಣು ಎತ್ತಿ ನಿಲ್ಲಿಸಿದ. ಬ್ರೇಕು ಹಿಡಿಯಿತು. ಹಾರ್ನು ಹೊಡೆದ. ಎತ್ತಿದ. ಕ್ರೇನಿನ ಉದ್ದನೆಯ ತೋಳು, ಬೂಮು, ಮೆಲ್ಲಗೆ ಕಂಬದ ಕಡೆ ತಿರುಗಿತು. ಮಂಜಿನಲ್ಲಿ ನೀಲಪ್ಪನ ಕೆಂಪು ಜಾಕೀಟು ಮಾತ್ರ ಕಾಣುತ್ತಿತ್ತು.

ಆಗ ಎಡಗಡೆ, ನೀರಿನ ಅಂಚಿಗೆ, ಒಂದು ಕೈ ಕಂಡಿತು.

ಮೊಣಕೈಯಿಂದ ಮುಂದಿನದು ಅಷ್ಟೆ. ಹಿಂದಿನದೆಲ್ಲ ಮಂಜು. ಅಂಗೈ ನೆಲದ ಕಡೆ. ಅತ್ತ ಇತ್ತ ಆಡುತ್ತಿತ್ತು.

ಯಮನೂರಪ್ಪ ನಿಲ್ಲಿಸಿದ.

"ಯಾಕ ನಿಂದ್ರಸಿದ್ಯೋ?" ನೀಲಪ್ಪ ಕೂಗಿದ.

"ಕೈ ಮಾಡಿದ್ರು!"

"ಯಾರು?"

"ಅಲ್ಲಿ! ನೀರಿನ ಕಡೆ!"

ನೀಲಪ್ಪ ಹೋಗಿ ನೋಡಿದ. ಆಳುಗಳನ್ನು ಹೆಸರು ಹಿಡಿದು ಕರೆದ. ನಾಲ್ವರೂ ಕಂಬದ ಹತ್ತಿರವೇ ಓ ಅಂದರು. ಕುಡಿಯುವ ನೀರು ತರುವ ಚಂದವ್ವ ಶೆಡ್ಡಿನ ಮುಂದೆ ಕೂತಿದ್ದಳು. ಉಸ್ತಾದನನ್ನು ಬಿಟ್ಟರೆ ಅಷ್ಟೇ ಮಂದಿ ಇದ್ದದ್ದು.

ಮಂಜು ಚದುರಿತು. ಒದ್ದೆ ಮರಳಿನ ಮೇಲೆ ನೀಲಪ್ಪನ ಹೆಜ್ಜೆ ಬಿಟ್ಟರೆ ಬೇರೆ ಹೆಜ್ಜೆ ಇರಲಿಲ್ಲ.

ಯಮನೂರಪ್ಪ ಇಳಿದು ಬಂದ. ಉಸ್ತಾದ ಏಣಿಯ ಬುಡದಲ್ಲಿ ನಿಂತಿದ್ದ.

"ನಿಂದ್ರಸಿದಿ?"

"ಹೂಂನ್ರಿ."

"ಎಷ್ಟೊತ್ತಿಗೆ?"

"ಕಂಡ ಕೂಡ್ಲೇ."

"ಕೈಯಾಗ ಬಳಿ ಇದ್ವೇನು?"

"ಏನ್ರಿ?"

"ಏನಿಲ್ಲ. ಹೋಗಿ ಚಾ ಕುಡಿ."

ಯಮನೂರಪ್ಪ ಒಂದು ಗುಟುಕು ಕುಡಿದ. ಲೋಟ ಕೆಳಗಿಟ್ಟ.

"ಉಸ್ತಾದ, ಈ ಕ್ರೇನಿಗೆ ದೆವ್ವ ಐತೇನ್ರಿ?"

"ಬ್ರೇಕ್ ಐತಿ," ಅಂದ ಉಸ್ತಾದ.

ನಾಲ್ಕು ದಿನ ಏನೂ ಕಾಣಲಿಲ್ಲ.

ಐದನೆಯ ದಿನ ಮತ್ತೆ ಮಂಜು. ಮತ್ತೆ ತೊಲೆ ಗಾಳಿಯಲ್ಲಿ. ಮತ್ತೆ ಅದೇ ಜಾಗದಲ್ಲಿ ಕೈ.

ಇವತ್ತು ಯಾರಂತ ನೋಡಿಯೇ ಬಿಡುತ್ತೇನೆ ಅಂದುಕೊಂಡ ಯಮನೂರಪ್ಪ. ಕ್ಯಾಬಿನಿನ ಕಿಟಕಿಯಿಂದ ಕತ್ತು ಹೊರಗೆ ಹಾಕಿದ. ಕೈಯ ಹಿಂದೆ ತೋಳು ಹುಡುಕಿದ. ತೋಳಿನ ಮೇಲೆ ಮುಖ ಹುಡುಕಿದ. ಮುಖ ಇರಬೇಕಾದ ಕಡೆ ಮಂಜಿತ್ತು. ತಿರುಗಿ ಕೈ ನೋಡಿದರೆ ಕೈಯೂ ಇರಲಿಲ್ಲ.

ಅಷ್ಟರಲ್ಲಿ ತೊಲೆ ಎರಡು ಮಾರು ಸರಿದಿತ್ತು.

ಏನೂ ಆಗಲಿಲ್ಲ. ಕಂಬದ ಮೇಲಿನವರು ತೊಲೆ ಇಳಿಸಿಕೊಂಡರು. ಯಾರಿಗೂ ಗೊತ್ತಾಗಲಿಲ್ಲ. ಯಮನೂರಪ್ಪ ಇಳಿದು ಬಂದ.

ಉಸ್ತಾದ ಏಣಿಯ ಬುಡದಲ್ಲೇ ಇದ್ದ.

"ತಡ ಮಾಡಿದಿ."

ಇವನಿಗೆ ಹೇಗೆ ಗೊತ್ತಾಯಿತು ಅಂತ ಯಮನೂರಪ್ಪ ಕೇಳಲಿಲ್ಲ. "ಯಾರಂತ ನೋಡಾಕ ಹೋದ್ನಿರಿ," ಅಂದ.

"ಕಂಡಳೇನು?"

"ಇಲ್ರಿ. ಮುಖ ನೋಡಾಕ ಹೋದ್ರ ಕೈನೂ ಹೋತು."

ಉಸ್ತಾದ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟ.

ಕಂಡಳೇನು, ಅಂದಿದ್ದ ಉಸ್ತಾದ. ಕಂಡನೇನು ಅಂದಿರಲಿಲ್ಲ. ಅದು ಯಮನೂರಪ್ಪನಿಗೆ ಆಮೇಲೆ ಹೊಳೆಯಿತು.

ಶೆಡ್ಡಿಗೆ ಹೋಗಿ ಚೀಲ ಕಟ್ಟಿದ. ಊರಿಗೆ ಹೋಗಿ ಏನು ಮಾಡುವುದು ಗೊತ್ತಿರಲಿಲ್ಲ. ಹೋಗುವುದು ಒಂದೇ ಗೊತ್ತಿತ್ತು.

ಉಸ್ತಾದ ಬಾಗಿಲಲ್ಲಿ ಬಂದು ನಿಂತ. ಚೀಲ ನೋಡಿದ. ಬೇಡ ಅನ್ನಲಿಲ್ಲ.

"ಹೋಗು. ಹೋಗೂಕಿಂತ ಮೊದಲ ಒಂದ ಕೆಲಸ ಮಾಡು. ನನ್ನ ಬುತ್ತಿ ಇಲ್ಲೈತಿ. ಇದನ್ನ ಆ ಕಲ್ಲಿನ ಮ್ಯಾಲ ಇಡ್ತೀನಿ. ನೀ ಹತ್ತಿ, ತೊಲಿ ಒಂದು ಅದರ ಮ್ಯಾಲ ಇಳಸು. ನಿಂದ್ರಸು ಅಂತ ಕಂಡ್ರ ನಿಂದ್ರಸು."

ಯಮನೂರಪ್ಪ ಹತ್ತಿದ. ಬಿಳಿ ಬಟ್ಟೆಯ ಬುತ್ತಿಗಂಟು ಕಲ್ಲಿನ ಮೇಲೆ ಒಂದು ಕೋಳಿಮರಿಯ ಹಾಗೆ ಕೂತಿತ್ತು. ನೀಲಪ್ಪ ಕೈಯಿಂದ ಇಳಿಸು ಇಳಿಸು ಅನ್ನುತ್ತಿದ್ದ. ತೊಲೆ ಇಳಿಯಿತು. ಆಳೆತ್ತರ. ಸೊಂಟದೆತ್ತರ. ಮೊಣಕಾಲೆತ್ತರ.

ಬಲಗಡೆ ಯಾರೋ ಕೈ ಆಡಿಸಿದರು.

ಯಮನೂರಪ್ಪ ತಿರುಗಿ ನೋಡಿದ. ಚಂದವ್ವ. ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿದ್ದಳು. ಅವನಿಗೆ ಜೀವ ಬಂದಂತಾಯಿತು. ಆಮೇಲೆ ನಿಲ್ಲಿಸಿದ.

ಇಳಿದು ಬಂದ. ಉಸ್ತಾದ ತೊಲೆಯ ಕೆಳಗಿನಿಂದ ಬಟ್ಟೆ ಎಳೆದು ತೆಗೆದ.

"ಯಾರು ಕೈ ಮಾಡಿದ್ರು?"

"ಚಂದವ್ವಾರಿ."

"ಗುರ್ತ ಹಿಡಿದಿ?"

"ಹಿಡದ್ನಿರಿ."

"ಚಲೋ ಆತು. ಕೂಡು. ಉಣ್ಣು."

ಅವನ ಮೂರು ಬೆರಳಿನ ಕೈ ಹಿಡಿದು ಅದರ ಮೇಲೆ ರೊಟ್ಟಿ ಇಟ್ಟ. ಅದು ರೊಟ್ಟಿಯ ಹಾಗೆ ಇರಲಿಲ್ಲ. ಪಲ್ಯ, ಬಟ್ಟೆಯ ಎಳೆ, ಕಲ್ಲಿನ ಪುಡಿ ಎಲ್ಲ ಒಂದಾಗಿತ್ತು.

ಯಮನೂರಪ್ಪ ತನ್ನ ಕೈ ನೋಡಿದ. ಇಲ್ಲದ ಎರಡು ಬೆರಳು ನೋಡಿದ. ಅವತ್ತು ಒಂದು ಉಸಿರು ತಡ ಮಾಡಿದವನೂ ಹೀಗೆಯೇ, ಯಾರು ಕೂಗಿದ್ದು ಅಂತ ನೋಡಿರಬೇಕು.

ತಿಂದ. ಹಲ್ಲಿನಲ್ಲಿ ಕಲ್ಲು ಕರಕರ ಅಂದಿತು. ಪೂರ್ತಿ ತಿಂದ.

ಚೀಲ ಬಿಚ್ಚಿ ಗೂಟಕ್ಕೆ ಹಾಕಿದ.

ಎರಡು ತಿಂಗಳು ಮುಗಿದ ದಿನ ಇಂಜಿನಿಯರ ಬಂದ. ಬಿಳಿ ಹೆಲ್ಮೆಟ್ಟು. ಕೈಯಲ್ಲಿ ಒಂದು ಕಾಗದ. ಅದರ ಮೇಲೆ ಎರಡು ಸಹಿ ಬೇಕು. ಒಂದು ಉಸ್ತಾದನದು, ಆಗಲೇ ಇತ್ತು. ಇನ್ನೊಂದು ಇಂಜಿನಿಯರನದು.

"ಒಂದು ತೊಲಿ ಆ ಕಂಬದ ಮ್ಯಾಲ ಇಟ್ಟು ತೋರಸು. ಅಷ್ಟ ಸಾಕು."

ಹೊಳೆಯ ಮೇಲೆ ಇನ್ನೂ ತೆಳ್ಳಗೆ ಮಂಜಿತ್ತು. ಯಮನೂರಪ್ಪ ಎತ್ತಿದ. ಒಂದು ಗೇಣು. ಬ್ರೇಕು. ಹಾರ್ನು. ಬೂಮು ತಿರುಗಿತು.

ಕೈ ಬಂತು.

ನಿಲ್ಲಿಸಿದ.

ಇಂಜಿನಿಯರ ಇಳಿದು ಬಾ ಅಂತ ಕರೆಸಿದ. ನೀಲಪ್ಪ ಸುತ್ತ ಹುಡುಕಿ ಬಂದು ತಲೆ ತಗ್ಗಿಸಿ ನಿಂತ. ಸ್ಲಿಂಗು ನೋಡಿದರು. ಹುಕ್ಕು ನೋಡಿದರು. ರೋಪು ನೋಡಿದರು. ಎಲ್ಲ ಸರಿಯಾಗಿತ್ತು.

"ಮಂಜಿನಾಗ ಏನೋ ಕಂಡಿರಬೇಕ್ರಿ ಸಾಹೇಬ್ರ," ಅಂದ ನೀಲಪ್ಪ. ಅವನ ದನಿಯಲ್ಲಿ ಕುಚೋದ್ಯ ಇರಲಿಲ್ಲ. "ಒಳ್ಳೇ ಕೈ ಐತ್ರಿ ಇವಂದು. ಇನ್ನೊಂದ ಸಲ ನೋಡ್ರಿ."

ಇಂಜಿನಿಯರ ಗಡಿಯಾರ ನೋಡಿದ. "ಮಂಜ ಹೋಗ್ಲಿ. ಬಿಸಿಲು ಬಂದ ಮ್ಯಾಲ ಇನ್ನೊಂದ ಸಲ. ಯಮನೂರಪ್ಪ, ಕೇಳು. ಯಾರೂ ಇಲ್ಲದಾಗ ನೀ ಮತ್ತೊಮ್ಮೆ ನಿಂದ್ರಸಿದ್ರ ನಾ ಸಹಿ ಮಾಡೂದಿಲ್ಲ."

ಯಮನೂರಪ್ಪ ಉಸ್ತಾದನ ಕಡೆ ನೋಡಿದ. ಉಸ್ತಾದ ಹೊಳೆಯ ಕಡೆ ನೋಡುತ್ತಿದ್ದ.

ಬಿಸಿಲು ನೆತ್ತಿಗೆ ಬಂತು. ಮಂಜಿನ ಎಳೆಯೂ ಉಳಿಯಲಿಲ್ಲ. ಮರಳು ಬೆಳ್ಳಗೆ ಹೊಳೆಯುತ್ತಿತ್ತು. ಅಂಥ ಬೆಳಕಿನಲ್ಲಿ ಇರುವೆ ಹೋದರೂ ಕಾಣಬೇಕು.

ಯಮನೂರಪ್ಪ ಹತ್ತಿ ಕೂತ. ಒಂದು ಗೇಣು ಎತ್ತಿದ. ಬ್ರೇಕು ಹಿಡಿಯಿತು. ಹಾರ್ನು ಹೊಡೆದ. ತೊಲೆ ಮೇಲೆ ಹೋಯಿತು. ಕಣ್ಣು ನೀಲಪ್ಪನ ಕೈಮೇಲೆ. ಬೂಮು ತಿರುಗಿತು. ಕಾಲು ದಾರಿ. ಅರ್ಧ ದಾರಿ. ಇನ್ನು ಹತ್ತು ಮಾರು.

ಎಡಗಣ್ಣಿನ ಅಂಚಿನಲ್ಲಿ ಏನೋ ಆಡಿತು.

ಅತ್ತ, ಇತ್ತ.

ನಡುಹಗಲು. ಅಲ್ಲಿ ಯಾರೂ ಇರಲು ಸಾಧ್ಯವಿಲ್ಲ. ತಿರುಗಿ ನೋಡಿದರೆ ಏನೂ ಇರುವುದಿಲ್ಲ. ತಿರುಗಿ ನೋಡಿದರೆ ಸಹಿ ಸಿಗುತ್ತದೆ.

ಅವನು ತಿರುಗಲಿಲ್ಲ.

ನಿಲ್ಲಿಸಿದ.

ತೊಲೆ ಗಾಳಿಯಲ್ಲಿ ನಿಂತಿತು. ತುಂಬಿದ ಕೊಡದ ಹಾಗೆ, ಅಲುಗದೆ ನಿಂತಿತು.

ಯಮನೂರಪ್ಪ ಲಿವರಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡ. ಮುಗಿಯಿತು ಅಂದುಕೊಂಡ.

"ಈಗ ಯಾರಪಾ?" ಇಂಜಿನಿಯರ ಕೆಳಗಿನಿಂದ ಕೂಗಿದ. ದನಿ ಬಹಳ ಹತ್ತಿರದಿಂದ ಬಂತು. "ಯಾರು ಕೈ ಮಾಡಿದ್ರು?"

"ನೋಡಲಿಲ್ರಿ!"

"ಗಂಡಸೋ ಹೆಂಗಸೋ?"

"ನೋಡಲಿಲ್ರಿ!"

"ಇದ್ರೋ ಇಲ್ಲೋ, ಅದನ್ನಾದ್ರೂ ನೋಡಿದ್ಯೋ?"

"ಕೈ ಕಂಡ್ತರಿ. ನಿಂದ್ರಸಿದ್ನಿ."

ಇಂಜಿನಿಯರ ಇನ್ನೇನೋ ಅನ್ನಲು ಬಾಯಿ ತೆರೆದವನು ಹಾಗೇ ಮೇಲೆ ನೋಡಿದ. ತೊಲೆ ಇಡುವುದು ಸರಿಯಾಗಿ ಕಾಣಲಿ ಅಂತ ಅವನು ನಿಂತ ಜಾಗ ಬಿಟ್ಟು ಮುಂದೆ ಬಂದಿದ್ದ. ಹೊಳೆಗೆ ಮುಖ ಮಾಡಿದ್ದ ನೀಲಪ್ಪನಿಗೆ ಅದು ಕಂಡಿರಲಿಲ್ಲ. ಮೇಲಿದ್ದವನಿಗೂ ಕಂಡಿರಲಿಲ್ಲ.

ಮೇಲೆ ನೋಡಿದವನು ಕೆಳಗೆ ನೋಡಿದ. ಬೆಳ್ಳನೆಯ ಮರಳಿನ ಮೇಲೆ ತೊಲೆಯ ನೆರಳು ಉದ್ದಕ್ಕೆ ಬಿದ್ದಿತ್ತು. ಅದರ ತುದಿ ಅವನ ಬೂಟಿನ ಮುಂದೆ ಒಂದು ಗೇಣಿನಷ್ಟು ದೂರ ಇತ್ತು.

ಒಂದು ಹೆಜ್ಜೆ ಹಿಂದೆ ಸರಿದ. ಇನ್ನೊಂದು ಸರಿದ.

ಆಮೇಲೆ ಶೆಡ್ಡಿಗೆ ಹೋಗಿ ಸಹಿ ಮಾಡಿದ. ಚಾ ಬೇಡ ಅಂದ. ಜೀಪು ಹತ್ತಿದ.

ನೀಲಪ್ಪ ಕೆಂಪು ಜಾಕೀಟು ಬಿಚ್ಚಿ, ಮಡಚಿ, ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೋದ.

ಸಂಜೆ ಉಸ್ತಾದ ಹೊಳೆಯಲ್ಲಿ ಕೂತು ಕೊಡ ತಿಕ್ಕುತ್ತಿದ್ದ. ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದ. ನೆಗ್ಗಿದ ಮಗ್ಗುಲಿಗೆ ಬಂದಾಗ ಕೈ ನಿಧಾನವಾಗುತ್ತಿತ್ತು.

ಯಮನೂರಪ್ಪ ಬಂದು ಪಕ್ಕದಲ್ಲಿ ಕೂತ. ಕಾಗದ ಅವನ ಜೇಬಿನಲ್ಲಿತ್ತು.

"ನಿಜವಾಗ್ಲೂ ನೋಡಲಿಲ್ಲೇನು?" ಉಸ್ತಾದ ಕೇಳಿದ. "ಒಂದೀಟೂ? ಬಳಿ? ಸೀರಿ ಸೆರಗು?"

"ಇಲ್ರಿ. ನೀವ ಕಲಿಸಿದ್ದ ಅದು."

"ಹೌದು. ನಾನ ಕಲಿಸಿದ್ದು."

ಸ್ವಲ್ಪ ಹೊತ್ತು ತಿಕ್ಕಿದ.

"ಇಮಾಂಬಿ ಅಂತ ಅಕಿ ಹೆಸರು. ನನ್ನ ಹೇಣ್ತಿ. ಕೆಳಗಿನವರಿಗೆ ನೀರ ಕೊಡ್ತಿದ್ಲು. ಇದ ಕೊಡ. ಇದ ಕ್ರೇನು. ಹೊಳಿ ಬ್ಯಾರೆ."

ಯಮನೂರಪ್ಪ ಕೊಡದ ನೆಗ್ಗಿದ ಮಗ್ಗುಲು ನೋಡಿದ.

"ಸ್ಲಿಂಗ್ ಜಾರೂದು ಅಕಿಗೆ ಕಾಣ್ತು. ನಂಗ ಕಾಣಲಿಲ್ಲ. ಕೈ ಮಾಡಿದ್ಲು. ಕೆಳಗ ಐದ ಮಂದಿ ಇದ್ರು. ಅವರು ಕೈ ನೋಡಿ ಓಡಿದ್ರು. ನಾ ಯಾರಂತ ನೋಡಿದ್ನಿ. ಇಕಿ ಏನ, ಇಕಿಗೇನ ತಿಳಿತೈತಿ ಕ್ರೇನಿಂದು, ಅನಕೊಂಡ್ನಿ. ಅಷ್ಟ."

"ಅಷ್ಟ್ರಿ?"

"ಅಷ್ಟ ಹೊತ್ತ ಸಾಕಾತು, ತೊಲಿ ಅಕಿ ಮ್ಯಾಲ ಬೀಳಾಕ."

ಒಂದು ಬೆಳ್ಳಕ್ಕಿ ಬರಿಯ ಕಂಬದ ಮೇಲೆ ಬಂದು ಕೂತಿತು. ಎದ್ದು ಹೋಯಿತು.

"ನಿನಕಿಂತ ಮೊದಲ ಹನ್ನೊಂದ ಮಂದಿ ಆ ಸೀಟಿನಾಗ ಕೂತಾರ," ಅಂದ ಉಸ್ತಾದ. "ಹನ್ನೊಂದೂ ಮಂದಿಗೆ ಕಂಡಾಳ. ಅರ್ಧಾ ಮಂದಿ ಹೆದರಿ ಹೋದ್ರು."

"ನಿಮಗ್ರಿ?"

ಉಸ್ತಾದ ಇಲ್ಲ ಅಂತ ತಲೆ ಅಲ್ಲಾಡಿಸಿದ.

"ದಿನಾ ಮುಂಜಾನೆ ಹತ್ತಿ ಕೂಡ್ತೀರಲ್ರಿ?"

"ಕೂಡ್ತೀನಿ. ಇಪ್ಪತ್ತೆರಡ ವರ್ಷ ಆತು."

"ನಮಗೆಲ್ಲಾ ಕಾಣೂದು ನಿಮಗ್ಯಾಕ ಕಾಣೂದಿಲ್ರಿ?"

ಉಸ್ತಾದ ಕೊಡವನ್ನು ನೀರಿನಲ್ಲಿ ಅದ್ದಿದ. ಅದು ಬುಡುಬುಡು ಅಂತ ತುಂಬಿತು. ಎತ್ತಿ ಹೆಗಲ ಮೇಲೆ ಇಟ್ಟುಕೊಂಡ, ನೆಗ್ಗಿದ ಮಗ್ಗುಲು ಕುತ್ತಿಗೆಯ ಕಡೆ ಬರುವ ಹಾಗೆ.

"ನೀವು ಕೈ ನೋಡ್ತೀರಿ," ಅಂದ. "ನಾ ಇನ್ನೂ ಮುಖಾನ ಹುಡುಕ್ತೀನಿ."